ಚಿನ್ನ ಹೋಯ್ತು, ಕೃಷ್ಣಮೃಗವಾದರೂ ಉಳಿಯಲಿ

ಮೊನ್ನೆ ಬೆಳಿಗ್ಗೆ ಬಂಗಾರಪೇಟೆಯಿಂದ ಬರುತ್ತಿದ್ದ ಬಸ್ಸು ಬೆಮೆಲ್ ನಗರ ದಾಟಿ ಸ್ವಲ್ಪ ದೂರ ಬಂದಿತ್ತು. ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಸೊಪ್ಪಿನ ಗಂಟು ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಡ್ರೈವರ್‌ನ ವಂಶವನ್ನೆಲ್ಲ ಜಾಲಾಡಿಬಿಟ್ಟಳು. ಆಮೇಲೆ ಕಿಟಕಿಯಲ್ಲಿ ಬಗ್ಗಿ ನೋಡಿದರೆ, ರಸ್ತೆ ದಾಟುತ್ತಿದ್ದವು ಐದು ಜಿಂಕೆ. ಮುಂದೆ ಒಂದು ಗಂಡು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಪು ಹಾಕಿದಂಥ ಕೊಂಬು. ಹಿಂದೆ ನಾಲ್ಕು ಹೆಣ್ಣು. ಒಂದೇ ನೆಗೆತಕ್ಕೆ ಚರಂಡಿ ದಾಟಿ, ಮೈನ್ಸ್ ಜಾಗದ ಬಯಲಿಗೆ ಓಡಿ ಮಾಯವಾದವು.

ಬೈಯುತ್ತಿದ್ದ ಹೆಂಗಸು ಬೈಗುಳ ನಿಲ್ಲಿಸಿ ಕೈಮುಗಿದಳು!

ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, ಹಳೇ ಮೈನ್ಸ್ ಕೆಲಸಗಾರರು, ನಿಟ್ಟುಸಿರು ಬಿಟ್ಟರು. "ಇನ್ನೆಷ್ಟು ದಿನ ನೋಡ್ತೀವೋ ಸಾರ್. ಇಲ್ಲೆಲ್ಲ ಫ್ಯಾಕ್ಟ್ರಿ ಬರ್ತದಂತೆ." ಕಂಡಕ್ಟರ್ ಚೀಟಿ ಹರಿಯುತ್ತಲೇ ಹೇಳಿದ: "ಬರ್ಲಿ ಬಿಡು ತಾತ, ನಿನ್ನ ಮೊಮ್ಮಗ ಬೆಂಗ್ಳೂರು ಟ್ರೈನ್ ಹತ್ತೋದು ತಪ್ತದೆ."

ಇಬ್ಬರ ಮಾತೂ ಸುಳ್ಳಲ್ಲ. ಈ ಸಲದ ಅಂಕಣಕ್ಕೆ ವಿಷಯ ಅಲ್ಲೇ ಸಿಕ್ಕಿತು.

ಕಾಡಿನ ಪ್ರಾಣಿ ಅಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ನಮ್ಮಲ್ಲಿ ಎಲ್ಲವನ್ನೂ ಜಿಂಕೆ ಅಂತಲೇ ಕರೆಯುತ್ತೇವೆ. ಜಿಂಕೆ ಅಂದರೆ ಕಾಡಲ್ಲಿ ಇರಬೇಕಾದ್ದು, ದಾರಿ ತಪ್ಪಿ ಊರಿಗೆ ಬಂದಿದೆ, ಹಿಡಿದು ಕಾಡಿಗೆ ಬಿಟ್ಟರೆ ಆಯ್ತು ಅನ್ನುವವರಿದ್ದಾರೆ. ಹಾಗಲ್ಲ ಸ್ವಾಮಿ. ಮೈಮೇಲೆ ಚುಕ್ಕೆ ಇರುವ ಜಿಂಕೆ ಬೇರೆ, ಈ ಕೃಷ್ಣಮೃಗ ಬೇರೆ. ಇದು ಬಯಲಿನ ಪ್ರಾಣಿ. ಹುಲ್ಲು ಬೇಕು, ಅಲ್ಲೊಂದು ಇಲ್ಲೊಂದು ಪೊದೆ ಬೇಕು, ದೂರದವರೆಗೆ ಕಣ್ಣಿಗೆ ಅಡ್ಡ ಏನೂ ಇರಬಾರದು. ಶತ್ರು ಬಂದರೆ ಬಚ್ಚಿಟ್ಟುಕೊಳ್ಳುವ ಜಾತಿ ಅಲ್ಲ, ಓಡುವ ಜಾತಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ನಮ್ಮ ಬಸ್ಸು ಇಳಿಜಾರಿನಲ್ಲೂ ಅಷ್ಟು ಓಡುವುದಿಲ್ಲ. ದಟ್ಟ ಮರಗಳ ನಡುವೆ ಬಿಟ್ಟರೆ ಇದಕ್ಕೆ ಬದುಕಿಲ್ಲ.

ಇಂಥ ಬಯಲು ಕೋಲಾರ ಜಿಲ್ಲೆಯಲ್ಲಿ ಈಗ ಎಲ್ಲಿದೆ? ಗೋಮಾಳಗಳು ಹೋದವು. ಕೆಲವು ಒತ್ತುವರಿಯಾದವು, ಕೆಲವು ಲೇಔಟ್ ಆದವು, ಕೆಲವಕ್ಕೆ ನೀಲಗಿರಿ ಬಿತ್ತು. ಉಳಿದದ್ದು ಯಾರಿಗೂ ಬೇಡವಾಗಿದ್ದ ನಮ್ಮ ಮೈನ್ಸ್ ಜಾಗ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನಾನಾಗ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ ಹುಡುಗ. ಆವತ್ತು ಅಪ್ಪ ಮನೆಗೆ ಬಂದು, ತಲೆಗೆ ಹಾಕುತ್ತಿದ್ದ ಟೋಪಿಯನ್ನು ಮಂಚದ ಕೆಳಗೆ ತಳ್ಳಿದವರು ಮತ್ತೆ ತೆಗೆಯಲಿಲ್ಲ. ಅಲ್ಲಿಂದೀಚೆಗೆ ಶಾಫ್ಟ್‌ಗಳು ತುಕ್ಕು ಹಿಡಿದವು, ಕಳ್ಳರು ಕಬ್ಬಿಣ ಹೊತ್ತರು, ಸಿನಿಮಾದವರು ಸೈನೈಡ್ ಗುಡ್ಡದ ಮೇಲೆ ಸೆಟ್ ಹಾಕಿ ದುಡ್ಡು ಮಾಡಿಕೊಂಡು ಹೋದರು. ಮನುಷ್ಯ ಕೈಬಿಟ್ಟ ಆ ಜಾಗದಲ್ಲಿ ಹುಲ್ಲು ಬೆಳೆಯಿತು. ಕೃಷ್ಣಮೃಗಕ್ಕೆ ಅಷ್ಟೇ ಸಾಕಾಗಿತ್ತು.

ನೂರಿಪ್ಪತ್ತು ವರ್ಷ ಈ ನೆಲದಿಂದ ಸುಮಾರು 800 ಟನ್ ಚಿನ್ನ ತೆಗೆದರು. ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಚಿನ್ನ ಎಲ್ಲಿಗೆ ಹೋಯಿತೋ, ನಮಗೆ ಉಳಿದದ್ದು ಗುಡ್ಡ, ಧೂಳು, ಕೆಮ್ಮು. ಇದರ ನಡುವೆ ದೇವರೇ ಕೊಟ್ಟ ಹಾಗೆ ಬಂದು ನಿಂತದ್ದು ಈ ಪ್ರಾಣಿ.

ಈಗ ಬಂದಿರುವ ಗಂಡಾಂತರ

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಂದು ತೀರ್ಮಾನ ತೆಗೆದುಕೊಂಡಿತು. ಬಿ.ಜಿ.ಎಂ.ಎಲ್.ನ 13 ಸೈನೈಡ್ ಗುಡ್ಡಗಳನ್ನು ಮತ್ತೆ ಅಗೆದು ಚಿನ್ನ ತೆಗೆಯುವುದಕ್ಕೆ ಒಪ್ಪಿಗೆ. ಜಾಗ 1,003.4 ಎಕರೆ. ಗುಡ್ಡಗಳಲ್ಲಿ ಇರುವ ಮಣ್ಣು ಸುಮಾರು 3.3 ಕೋಟಿ ಟನ್, ಸಿಗಬಹುದಾದ ಚಿನ್ನ 23 ಟನ್ ಎಂದು ಲೆಕ್ಕ. ಅಂಗಡಿ ತಕ್ಕಡಿಯವರು ನೀವೇ ಭಾಗಿಸಿ ನೋಡಿ: ಒಂದು ಟನ್ ಮಣ್ಣು ಅಗೆದರೆ ಮುಕ್ಕಾಲು ಗ್ರಾಮಿಗೂ ಕಮ್ಮಿ. ಅಂದರೆ ಎಷ್ಟು ಲಾರಿ ಓಡಬೇಕು, ಎಷ್ಟು ನೀರು ಬೇಕು, ಎಷ್ಟು ಧೂಳು ಏಳಬೇಕು? ಇದರ ಜೊತೆಗೆ ಬೆಮೆಲ್ ಬಿಟ್ಟುಕೊಟ್ಟ ಒಂಬೈನೂರಕ್ಕೂ ಹೆಚ್ಚು ಎಕರೆಯಲ್ಲಿ ಕೈಗಾರಿಕಾ ಪ್ರದೇಶ ಮಾಡುವ ಯೋಜನೆ.

ನಾನು ಫ್ಯಾಕ್ಟರಿ ಬೇಡ ಅನ್ನುವವನಲ್ಲ. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ಟ್ರೈನಿನಲ್ಲಿ ಕಾಲಿಡಲು ಜಾಗ ಇಲ್ಲದೆ ನಿಂತು ಹೋಗುವವರ ಕಷ್ಟ ನನಗೆ ಗೊತ್ತು. ಪಿಯುಸಿ ಅರ್ಧಕ್ಕೆ ಬಿಟ್ಟು ನಾನೂ ಎರಡು ವರ್ಷ ಅದೇ ಟ್ರೈನಿನಲ್ಲಿ ನೇತಾಡಿದವನು. ರಾತ್ರಿ ಹತ್ತಕ್ಕೆ ಮನೆ ಸೇರಿದರೆ ಮಕ್ಕಳು ಮಲಗಿರುತ್ತವೆ. ಭಾನುವಾರ ಬಂದರೆ "ಯಾರಪ್ಪ ನೀನು" ಅನ್ನುವ ಹಾಗೆ ನೋಡುತ್ತವೆ. ಊರಲ್ಲೇ ಕೆಲಸ ಸಿಗಲಿ ಅನ್ನುವ ಆಸೆ ತಪ್ಪಲ್ಲ. ಆ ಕಂಡಕ್ಟರ್ ಹೇಳಿದ್ದೂ ಅದನ್ನೇ.

ಆದರೆ ಪ್ರಶ್ನೆ ಇದು: ಇಷ್ಟೊಂದು ಸಾವಿರ ಎಕರೆಯಲ್ಲಿ ಫ್ಯಾಕ್ಟರಿಗೆ ಯಾವುದು, ಪ್ರಾಣಿಗೆ ಯಾವುದು ಎಂದು ಗೆರೆ ಎಳೆಯುವುದಕ್ಕೆ ಆಗುವುದಿಲ್ಲವೆ? ಪಾಳು ಬಿದ್ದ ಮಿಲ್ಲು, ವರ್ಕ್‌ಶಾಪು, ಶೆಡ್ಡುಗಳ ಜಾಗ ಬೇಕಾದಷ್ಟಿದೆ. ಮೊದಲು ಅಲ್ಲಿ ಕಟ್ಟಲಿ. ಹುಲ್ಲು ಬಯಲಿನ ಮೇಲೇ ಮೊದಲ ಜೆ.ಸಿ.ಬಿ. ಓಡಬೇಕು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆ?

ಆನೆ ಕಲಿಸಿದ ಪಾಠ

ಮೊದಲೇ ಯೋಚಿಸದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಾವು ದೂರ ಹೋಗಬೇಕಿಲ್ಲ. ಬಂಗಾರಪೇಟೆಯಿಂದ ಕಾಮಸಮುದ್ರದ ಕಡೆ ಬಸ್ ಹತ್ತಿದರೆ ಸಾಕು. 1980ರ ದಶಕದಲ್ಲಿ ಹೊಸೂರು ಕಡೆಯ ಕಾಡುಗಳಿಂದ ಹೊರಟ ಆನೆಗಳು ಆಂಧ್ರದ ಚಿತ್ತೂರು ಜಿಲ್ಲೆ ಸೇರಿದವು. ಅಲ್ಲಿನ ಸರ್ಕಾರ 1990ರಲ್ಲೇ ಕೌಂಡಿನ್ಯ ಅಭಯಾರಣ್ಯ ಘೋಷಿಸಿತು. ನಮ್ಮ ಕಡೆ? ಕಾಮಸಂದ್ರ ವನ್ಯಜೀವಿ ಧಾಮ ಕಾಗದದ ಮೇಲೆ ಬಂದದ್ದು 2019ರಲ್ಲಿ, ಸುಮಾರು 78 ಚದರ ಕಿಲೋಮೀಟರ್. ಆನೆ ಬಂದು ಮೂರು ದಶಕ ಆದಮೇಲೆ!

ಈ ಮೂರು ದಶಕ ಬೆಲೆ ಕೊಟ್ಟವರು ಯಾರು? ಗಡಿ ಊರುಗಳ ರಾಗಿ ಬೆಳೆಗಾರರು, ಟೊಮೇಟೊ ತೋಟದವರು. ರಾತ್ರಿ ಹೊಲ ಕಾಯಲು ಹೋದವರು ಬೆಳಿಗ್ಗೆ ಹೆಣವಾಗಿ ಬಂದದ್ದುಂಟು. ತಂತಿ ತಗುಲಿ ಆನೆಗಳು ಸತ್ತದ್ದೂ ಉಂಟು. ನಮ್ಮವರು ಪಟಾಕಿ ಹೊಡೆದು ತಮಿಳುನಾಡಿಗೆ ಅಟ್ಟಿದರು, ಅವರು ತಮಟೆ ಬಡಿದು ಆಂಧ್ರಕ್ಕೆ ಅಟ್ಟಿದರು, ಅಲ್ಲಿಂದ ತಿರುಗಿ ನಮ್ಮ ಕಡೆಗೇ ಬಂದವು. ಆನೆಗೆ ಯಾವ ರಾಜ್ಯದ ರೇಷನ್ ಕಾರ್ಡ್ ಇದೆ?

ಕೃಷ್ಣಮೃಗದ ವಿಷಯದಲ್ಲೂ ಹಾಗೇ ಆಗಬೇಕೆ? ಬಯಲು ಹೋದರೆ ಅವು ಗಾಳಿಯಲ್ಲಿ ಕರಗಿಹೋಗುವುದಿಲ್ಲ. ರಸ್ತೆಗೆ ಬರುತ್ತವೆ, ರೈಲು ಹಳಿಗೆ ಬರುತ್ತವೆ, ರೈತನ ಹುರುಳಿ ಹೊಲಕ್ಕೆ ನುಗ್ಗುತ್ತವೆ. ಆಗ ಬೈಸಿಕೊಳ್ಳುವುದೂ ಅವೇ.

ಇದೇ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಒಂದು ಜಾತಿಯ ಬಾವಲಿ ಇದೆ. ಲೋಕವೆಲ್ಲ ಹುಡುಕಿದರೂ ಇನ್ನೆಲ್ಲೂ ಸಿಗದ ಬಾವಲಿ. ಉಳಿದಿರುವುದು ಇನ್ನೂರಕ್ಕಿಂತ ಕಮ್ಮಿ. ಕಾರಣ ಕಲ್ಲು ಗಣಿ. ಅಳಿವಿನ ಅಂಚಿಗೆ ಬಂದಮೇಲೆ ಎಚ್ಚರವಾಗುವುದು ನಮ್ಮ ಜಿಲ್ಲೆಯ ಹಣೆಬರಹವೇ ಆಗಿಬಿಟ್ಟಿದೆ.

ದಾರಿ ಇದೆ

ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಬೇಟೆಯಾಡಿದರೆ ಮೂರು ವರ್ಷಕ್ಕೆ ಕಮ್ಮಿ ಇಲ್ಲದ, ಏಳು ವರ್ಷದವರೆಗಿನ ಜೈಲು. 1998ರಲ್ಲಿ ರಾಜಸ್ಥಾನದಲ್ಲಿ ಕೃಷ್ಣಮೃಗ ಹೊಡೆದ ಪ್ರಕರಣದಲ್ಲಿ ಹಿಂದಿ ಸಿನಿಮಾ ನಟನೊಬ್ಬನಿಗೆ ಜೋಧಪುರದ ನ್ಯಾಯಾಲಯ 2018ರಲ್ಲಿ ಐದು ವರ್ಷ ಶಿಕ್ಷೆ ವಿಧಿಸಿದ್ದು ನಿಮಗೆ ನೆನಪಿರಬೇಕು. ಆತ ಮೇಲ್ಮನವಿ ಹಾಕಿಕೊಂಡು ಜಾಮೀನಿನ ಮೇಲಿದ್ದಾನೆ, ಅದು ಬೇರೆ ಮಾತು. ಇಪ್ಪತ್ತು ವರ್ಷ ಆ ಕೇಸನ್ನು ಬಿಡದೆ ಹಿಡಿದವರು ಅಲ್ಲಿನ ಬಿಷ್ಣೋಯಿ ಹಳ್ಳಿಗರು.

ಅಭಯಾರಣ್ಯ ಅಂದರೆ ನಮ್ಮ ಜನಕ್ಕೆ ಭಯ. ಅರಣ್ಯ ಇಲಾಖೆ ಬೇಲಿ ಹಾಕುತ್ತದೆ, ಕುರಿ ಬಿಡುವ ಹಾಗಿಲ್ಲ, ಸೌದೆ ತರುವ ಹಾಗಿಲ್ಲ ಎಂದು. ಆದರೆ 2002ರ ತಿದ್ದುಪಡಿಯಲ್ಲಿ ಇನ್ನೊಂದು ಏರ್ಪಾಡು ಬಂದಿದೆ. ಅದಕ್ಕೆ ಸಂರಕ್ಷಣಾ ಮೀಸಲು ಎಂದು ಹೆಸರು. ಸರ್ಕಾರದ ಜಾಗವನ್ನು, ಸುತ್ತಲಿನ ಜನರನ್ನು ಕೇಳಿ, ಹಾಗೆ ಘೋಷಿಸಬಹುದು. ಉಸ್ತುವಾರಿ ಸಮಿತಿಯಲ್ಲಿ ಪಂಚಾಯ್ತಿಯವರಿಗೂ ಜಾಗ ಉಂಟು. ಕೇಂದ್ರದ ಜಾಗವಾದರೆ ಕೇಂದ್ರದ ಒಪ್ಪಿಗೆ ಬೇಕು, ಅಷ್ಟೆ.

ಇದು ಗಾಳಿ ಮಾತಲ್ಲ. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಮಾಡಿದರು. ಎಷ್ಟು ಜಾಗ ಅಂದುಕೊಂಡಿರಿ? 798 ಎಕರೆ. ನಮ್ಮ ಸೈನೈಡ್ ಗುಡ್ಡಗಳ ಜಾಗಕ್ಕಿಂತಲೂ ಕಮ್ಮಿ! ಅಷ್ಟರಲ್ಲೇ ಹಿಂಡು ಹಿಂಡಾಗಿ ಮೇಯುತ್ತಿವೆ, ಬೆಂಗಳೂರಿನವರು ಕಾರು ಮಾಡಿಕೊಂಡು ನೋಡಲು ಹೋಗುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಟೆಂಡರ್ ಕರೆಯುವ ಮೊದಲು ಅರಣ್ಯ ಇಲಾಖೆ ಇಲ್ಲಿನ ಕೃಷ್ಣಮೃಗಗಳನ್ನು ಎಣಿಸಲಿ. ಎಲ್ಲಿ ಮೇಯುತ್ತವೆ, ಎಲ್ಲಿ ಮರಿ ಹಾಕುತ್ತವೆ, ಎಲ್ಲಿ ರಸ್ತೆ ದಾಟುತ್ತವೆ ಎಂದು ನಕ್ಷೆ ಮಾಡಲಿ. ನಮ್ಮ ಕಾಲೇಜು ಹುಡುಗರನ್ನು ಕರೆದರೆ ಚಹಾ ಬನ್ನಿಗೆ ಬಂದು ಎಣಿಸಿಕೊಡುತ್ತಾರೆ. ಆ ಬಯಲನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿ, ಮಿಕ್ಕ ಜಾಗ ಫ್ಯಾಕ್ಟರಿಗೆ ಕೊಡಲಿ. ದಾಟುವ ಕಡೆ ಎರಡು ಹಂಪ್, ಒಂದು ಬೋರ್ಡು. ಇದಕ್ಕೆ ಕೋಟಿ ಬೇಕಿಲ್ಲ. ಇನ್ನೊಂದು ಮಾತು: ದಯವಿಟ್ಟು ವನಮಹೋತ್ಸವದ ಹೆಸರಿನಲ್ಲಿ ಆ ಬಯಲಲ್ಲಿ ಗಿಡ ತುಂಬಬೇಡಿ. 1974ರಲ್ಲಿ ಕೃಷ್ಣಮೃಗಕ್ಕೆಂದೇ ಆದ ರಾಣೆಬೆನ್ನೂರು ಅಭಯಾರಣ್ಯದಲ್ಲಿ ನೀಲಗಿರಿ ತೋಪು ಆವರಿಸಿ ಬಯಲು ಕಿರಿದಾದದ್ದು ಗೊತ್ತಿರುವ ಸಂಗತಿ. ಧೂಳು ತಡೆಯಲು ಗಿಡ ಬೇಕಾದರೆ ಗುಡ್ಡದ ಮೇಲೆ, ಊರಂಚಿಗೆ ನೆಡಲಿ.

ನಮ್ಮ ಪಾಲಿನದು

ಸರ್ಕಾರಕ್ಕೆ ಹೇಳಿದ್ದಾಯ್ತು. ಇನ್ನು ನಮ್ಮ ಅಂಗಡಿ ಅಣ್ಣಂದಿರಿಗೆ ಒಂದು ಮಾತು. ಕೋಪ ಮಾಡ್ಕೋಬೇಡಿ.

ಈ ಮೃಗಕ್ಕೆ ಬಂದೂಕಿಗಿಂತ ದೊಡ್ಡ ಶತ್ರು ಬೀದಿ ನಾಯಿ. ಹೆಣ್ಣು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಮೊದಲ ಕೆಲವು ದಿನ ಆ ಮರಿ ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತದೆ. ನಾಯಿ ಹಿಂಡಿಗೆ ಅದು ಎಷ್ಟು ಹೊತ್ತಿನ ಕೆಲಸ? ಆ ನಾಯಿಗಳು ಅಲ್ಲಿಗೆ ಯಾಕೆ ಹೋದವು? ಹೋಟೆಲ್‌ನ ಎಂಜಲು, ಕೋಳಿ ಅಂಗಡಿಯ ಪುಕ್ಕ ಕರುಳು, ಮದುವೆ ಛತ್ರದ ಎಲೆ, ಎಲ್ಲ ರಾತ್ರೋರಾತ್ರಿ ಗೂಡ್ಸ್ ಆಟೋದಲ್ಲಿ ಮೈನ್ಸ್ ಜಾಗದ ಅಂಚಿಗೆ ಸುರಿದು ಬರುವವರು ಯಾರು? ಆ ಎಂಜಲು ತಿಂದು ನಾಯಿ ಹತ್ತಿದ್ದದ್ದು ಐವತ್ತಾಗುತ್ತದೆ. ಎಂಜಲು ಸಿಗದ ದಿನ ಬಯಲಿಗೆ ಇಳಿಯುತ್ತದೆ.

ಒಬ್ಬ ಹೋಟೆಲ್ ಯಜಮಾನರನ್ನು ಇದನ್ನೇ ಕೇಳಿದೆ. "ಕಸದ ಗಾಡಿ ದಿನಾ ಬರ್ಲಿ, ನಾನ್ಯಾಕೆ ಅಲ್ಲಿಗೆ ಕಳಿಸ್ತೀನಿ?" ಅಂದರು. ಅದೂ ನ್ಯಾಯವೇ. ನಗರಸಭೆಯವರು ಕಸದ ಗಾಡಿ ಸರಿಯಾಗಿ ಓಡಿಸಲಿ, ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಲಿ. ನಾವು ಬಯಲಿಗೆ ಸುರಿಯುವುದನ್ನು ನಿಲ್ಲಿಸೋಣ. ಇದಕ್ಕೆ ಸಚಿವ ಸಂಪುಟದ ತೀರ್ಮಾನ ಬೇಕಾಗಿಲ್ಲ.

ಮನೆಗೆ ಹೋಗಿ ಅಪ್ಪನಿಗೆ ಬಸ್ಸಿನ ವಿಷಯ ಹೇಳಿದೆ. ಅವರಿಗೆ ಈಗ ಉಬ್ಬಸ, ಹೆಚ್ಚು ಮಾತಾಡುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಎಷ್ಟಿತ್ತು?" ಐದು ಅಂದೆ. "ಮರಿ ಇರ್ಲಿಲ್ವಾ?"

ಇರಲಿಲ್ಲ. ಆ ಪ್ರಶ್ನೆಗೆ ಮುಂದಿನ ವರ್ಷವಾದರೂ ಇತ್ತು ಅಂತ ಉತ್ತರ ಕೊಡುವ ಹಾಗಾಗಲಿ.