ಗುಡ್ಡದ ಸೊಬಗೂ ಅಧಿಕಾರಿಗಳ ವಾಸ್ತವ್ಯವೂ

ನಗರದ ಗದ್ದಲ, ಹೊಗೆ, ಇಕ್ಕಟ್ಟುಗಳಿಂದ ಬೇಸತ್ತವರು ಅದರ ಸಮೀಪದಲ್ಲಿಯೇ ಹಳ್ಳಿಯ ಹಸಿರು ಕಾಣುವ ನೆಲೆಯೊಂದನ್ನು ಹುಡುಕುವದು ಈಗ ಎಲ್ಲೆಡೆಯಲ್ಲಿಯೂ ಕಂಡುಬರುತ್ತಿದೆ. ಬೆಂಗಳೂರಿನವರು ನಂದಿಬೆಟ್ಟದ ತಪ್ಪಲನ್ನೂ ಹೈದರಾಬಾದಿನವರು ವಿಕಾರಾಬಾದಿನ ಗುಡ್ಡಗಳನ್ನೂ ಅರಸಿ ಹೋಗುತ್ತಿದ್ದಾರೆ. ಅಲ್ಲಿ ಏಳುತ್ತಿರುವ ಮನೆಗಳಿಗೆ ಕಲ್ಲು-ಮಣ್ಣು ಹೊರುವವರಲ್ಲಿ ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಯಿಂದ ಗುಳೆ ಹೋದವರೂ ಇರುವರೆಂಬದು ವಾಚಕರಿಗೆ ವಿದಿತವೇ ಇದೆ.

ಹಾಗಾದರೆ ಅವರು ಬಿಟ್ಟುಹೋದ ಸೀಮೆಯು ಸೊಬಗಿಲ್ಲದ್ದೇ? ಶಹಾಪುರದ ಗುಡ್ಡಗಳ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವದನ್ನು ನೋಡಲು ದಾರಿಹೋಕರು ಬಂಡಿ ನಿಲ್ಲಿಸುತ್ತಾರೆ. ಬೋನಾಳದ ಕೆರೆಗೆ ಚಳಿಗಾಲದಲ್ಲಿ ಪರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಯಾದಗಿರಿಯ ಕೋಟೆಯನ್ನೇರಿದರೆ ಭೀಮೆಯ ಬಯಲು ಕಣ್ಣಿಗೆ ಬೀಳುವದು. ನಾರಾಯಣಪುರದ ಎಡದಂಡೆ ಕಾಲುವೆ ಬಂದ ಬಳಿಕ ಜೋಳ-ತೊಗರಿಯ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾಗಿವೆ. ಮುಂಬಯಿ-ಚೆನ್ನೈ ರೈಲು ಹಾದಿ ಯಾದಗಿರಿಯಲ್ಲಿಯೇ ಹಾಯುತ್ತದೆ. ಕಲಬುರಗಿಯಂಥ ನಗರಕ್ಕೆ ಇಷ್ಟು ಹತ್ತಿರದಲ್ಲಿ ಇಂಥ ನೋಟ ಬೇರೆಡೆ ದೊರೆಯುವದು ವಿರಳ.

ಇದನ್ನು ಮೊದಲು ಕಂಡವರಲ್ಲಿ ಮೆಡೋಸ್ ಟೇಲರನೂ ಒಬ್ಬನು. 1841ರಲ್ಲಿ ಸುರಪುರಕ್ಕೆ ಬಂದ ಆತನು ಊರ ಮೇಲಿನ ಗುಡ್ಡದಲ್ಲಿ ಬಂಗಲೆ ಕಟ್ಟಿಸಿ, 1853ರ ವರೆಗೂ ಇಲ್ಲಿಂದಲೇ ಸಂಸ್ಥಾನದ ಕಾರಭಾರ ನಡೆಯಿಸಿದನು. ಆತನು ಪರಕೀಯ ಪ್ರಭುತ್ವದ ಸೇವಕ. ಆತನ ಪಾಲನೆಯಲ್ಲಿ ಬೆಳೆದ ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಸಿಡಿದೆದ್ದು 1858ರಲ್ಲಿ ಬಂದಿಯಾಗಿಯೇ ಪ್ರಾಣ ಬಿಟ್ಟದ್ದನ್ನು ಈ ನಾಡು ಮರೆತಿಲ್ಲ. ಟೇಲರನ ಗುಣಗಾನ ನಮ್ಮ ಉದ್ದೇಶವಲ್ಲ. ಆದರೆ ಆಳುವ ಊರಿನಲ್ಲಿ ಆತನು ವಾಸವಿದ್ದನು ಎಂಬಷ್ಟನ್ನು ಒಪ್ಪಲೇಬೇಕು.

ಸ್ವರಾಜ್ಯದ ಅಧಿಕಾರಿಗಳ ಸ್ಥಿತಿ ಏನು? ಯಾದಗಿರಿಯು 2009-10ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಕುರ್ಚಿಗಳು ಬಂದವು. ಸಂಸಾರಗಳು ಮಾತ್ರ ಬರಲಿಲ್ಲ. ಕೇಂದ್ರಸ್ಥಾನದಲ್ಲಿ ವಾಸವಿರಬೇಕೆಂಬ ನಿಯಮವಿದ್ದರೂ ಕಲಬುರಗಿಯಿಂದ ಮುಂಜಾನೆಯ ಗಾಡಿಗೆ ಬಂದು ಸಂಜೆಯ ಗಾಡಿಗೆ ಮರಳುವ ನೌಕರರನ್ನು ನಿಲ್ದಾಣದಲ್ಲಿ ಯಾರಾದರೂ ನೋಡಬಹುದು. ಗಾಡಿ ತಡವಾದರೆ ಕಚೇರಿಯೂ ತಡ! ಈ ಭಾಗದವರಿಗೆಂದೇ ಸಂವಿಧಾನದ 371(ಜೆ) ಕಲಮಿನಿಂದ ನೌಕರಿ ಪಡೆದವರೂ ಈ ಸಾಲಿನಲ್ಲಿರುವದು ನಮಗೆ ಹೆಚ್ಚಿನ ಖೇದವನ್ನುಂಟುಮಾಡಿದೆ.

ಅವರ ಸಮಾಧಾನ ನಮಗೆ ಗೊತ್ತಿದೆ. ಒಳ್ಳೆಯ ಶಾಲೆಗಳಿಲ್ಲ, ಬಿಸಿಲು ಹೆಚ್ಚು, ಕುಡಿಯುವ ನೀರು ನೆಚ್ಚುವಂತಿಲ್ಲ, ಸುರಪುರ-ಶಹಾಪುರಗಳಿಗೆ ರೈಲಿಲ್ಲ. ಈ ಮಾತುಗಳಲ್ಲಿ ಸುಳ್ಳಿಲ್ಲ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷವಿದ್ದು, ಅದನ್ನು ಕುಡಿದವರ ಮೈಚರ್ಮ ಕೆಟ್ಟು ವ್ರಣವಾದದ್ದು ದಾಖಲೆಯಾದ ಸಂಗತಿ. ಆದರೆ ಆ ತಾಂಡಾದವರಿಗೆ ಕಲಬುರಗಿಯಲ್ಲಿ ಎರಡನೆಯ ಮನೆ ಇರಲಿಲ್ಲ. ದೋಷವಿದ್ದಲ್ಲಿ ಅಧಿಕಾರಿಯು ವಾಸವಿರದಿದ್ದರೆ, ಆ ದೋಷವು ಅವನಿಗೆ ಕಡತದಲ್ಲಿಯ ಒಂದು ಸಾಲು; ವಾಸವಿದ್ದರೆ ಅದು ಅವನ ಮನೆಯ ಕೊಡದಲ್ಲಿಯ ನೀರು. ನಲ್ಲಿಯಲ್ಲಿ ನೀರು ಬಾರದ ದಿನ ಸಾಹೇಬರ ಮನೆಯವರೂ ಕಾದು ನಿಂತರೆ, ಮರುದಿನ ಪಂಪು ದುರಸ್ತಿಯಾಗುವದೆಂದು ನಾವು ನಂಬುತ್ತೇವೆ.

2022ರಲ್ಲಿ ಯಾದಗಿರಿಗೆ ವೈದ್ಯಕೀಯ ಕಾಲೇಜು ಬಂದ ಮೇಲೆ ವೈದ್ಯರಿಲ್ಲವೆಂಬ ಹಳೆಯ ನೆವ ಸಡಿಲವಾಗಿದೆ. ವಸತಿಗೃಹಗಳು ಸಾಲದಿದ್ದರೆ ಸರಕಾರವು ಕಟ್ಟಿಸಲಿ. ಕಾಲುವೆಯ ಕೆಳಗಿನ ಗದ್ದೆಗಳನ್ನು ನಿವೇಶನಗಳಾಗಿ ಹೋಳು ಮಾಡದೆ, ಗುಡ್ಡದ ಬದಿಯ ಬರಡು ನೆಲದಲ್ಲಿ ಕಟ್ಟಿಸಲಿ. ಪ್ರಾರಂಭವು ಮೇಲಿನವರಿಂದಲೇ ಆಗತಕ್ಕದ್ದು. ಬರುವ ಜೂನಿನಲ್ಲಿ ಜಿಲ್ಲಾಮಟ್ಟದ ಅಧಿಕಾರಿಗಳು ತಮ್ಮ ಮಕ್ಕಳ ಹೆಸರನ್ನು ಯಾದಗಿರಿಯ ಶಾಲೆಗಳಲ್ಲಿ ಹಚ್ಚಲಿ.