ಹೆಬ್ಬಾತಿನ ಮೊಟ್ಟೆಗೆ ಮೂವತ್ತು ದಿನ



ಕೋಳಿಗೆ ಕಾವು ಇಡುವ ವಿಷಯ ಬರೆದರೆ ನೀವು ನಗುತ್ತೀರಿ. ಅದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಉಮ್ಮ, ಅಜ್ಜಿ ಮಾಡುತ್ತಿದ್ದುದನ್ನು ನೋಡಿಯೇ ಬೆಳೆದವರು ನಾವು. ಹಳೆಯ ಬುಟ್ಟಿ, ಸ್ವಲ್ಪ ಬೈಹುಲ್ಲು, ಕಾವಿಗೆ ಬಂದ ಒಂದು ಹೇಂಟೆ, ಇಪ್ಪತ್ತೊಂದು ದಿನ. ಅಷ್ಟೇ. ಆದರೆ ಯಾರಾದರೂ ನೆಂಟರು ಬರುವಾಗ ಕೈಚೀಲದಲ್ಲಿ ನಾಲ್ಕೈದು ಹೆಬ್ಬಾತಿನ ಮೊಟ್ಟೆ ತಂದುಕೊಟ್ಟರೆ ಆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ನನಗೂ ಹಾಗೆಯೇ ಆಯಿತು. ಐದು ಮೊಟ್ಟೆ ಬಂದಿದ್ದವು. ಹೇಂಟೆಯ ಕೆಳಗೆ ಇಟ್ಟೆ. ಇಪ್ಪತ್ತೊಂದನೆಯ ದಿನ ಏನೂ ಆಗಲಿಲ್ಲ. ಇಪ್ಪತ್ತೆರಡು, ಇಪ್ಪತ್ತಮೂರು. ಮನೆಯಲ್ಲಿ ಎಲ್ಲರೂ "ಹಾಳಾಗಿದೆ, ಎಸೆದುಬಿಡು" ಎಂದರು. ಇಪ್ಪತ್ತನಾಲ್ಕನೆಯ ದಿನ ಹಿತ್ತಿಲಿಗೆ ಒಯ್ದು ಒಂದನ್ನು ಒಡೆದು ನೋಡಿದೆ. ಒಳಗೆ ಮರಿ ಇತ್ತು. ಕೊಕ್ಕು, ಕಾಲು, ಒದ್ದೆ ತುಪ್ಪಳ ಎಲ್ಲವೂ ಮೂಡಿತ್ತು, ಅಲುಗುತ್ತಲೂ ಇತ್ತು. ನನ್ನ ಕೈಯಲ್ಲೇ ಅದು ತಣ್ಣಗಾಯಿತು. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಸ್ತ್ರೀಯ ಹದೀಸ್ ಮದ್ರಸದಲ್ಲಿ ಕೇಳಿದ್ದೆ. ಆ ದಿನ ಅದು ಬೇರೆಯೇ ರೀತಿಯಲ್ಲಿ ನೆನಪಾಯಿತು. ಉಳಿದ ನಾಲ್ಕನ್ನು ಓಡಿಹೋಗಿ ಮತ್ತೆ ಹೇಂಟೆಯ ಕೆಳಗಿಟ್ಟೆ. ಅವುಗಳಲ್ಲಿ ಮೂರು ಒಡೆದು ಮರಿ ಬಂದವು, ಅಲ್‌ಹಮ್ದುಲಿಲ್ಲಾಹ್.

ಹಾಗಾಗಿ ಮೊದಲ ಮಾತು ಇದು: ಹೆಬ್ಬಾತಿನ ಮೊಟ್ಟೆಗೆ ಸುಮಾರು ಮೂವತ್ತು ದಿನ ಬೇಕು. ಸಣ್ಣ ಜಾತಿಯದ್ದಾದರೆ 28 ದಿನಕ್ಕೂ ಆದೀತು, ದೊಡ್ಡ ಜಾತಿಯದ್ದು 34 ದಿನದವರೆಗೂ ಎಳೆದೀತು. ಚಂದ್ರನನ್ನು ನೋಡಿ ಇಟ್ಟರೆ ಮುಂದಿನ ಚಂದ್ರನ ಹೊತ್ತಿಗೆ ಎಂದು ಅಂದಾಜು ಇಟ್ಟುಕೊಳ್ಳಿ. ಇಟ್ಟ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಬಾಯಿಲೆಕ್ಕ ಬೇಡ. ಒಂದು ಹೆಬ್ಬಾತು ಕೋಳಿಯಂತೆ ವರ್ಷವಿಡೀ ಮೊಟ್ಟೆ ಇಡುವುದಿಲ್ಲ. ವರ್ಷಕ್ಕೆ ಇಪ್ಪತ್ತೋ ಮೂವತ್ತೋ, ಹೆಚ್ಚೆಂದರೆ ಇನ್ನಷ್ಟು. ಒಂದು ಮೊಟ್ಟೆ ಹಾಳಾದರೂ ನಷ್ಟವೇ.

ಮೊಟ್ಟೆ ಕೈಗೆ ಬಂದಾಗ ಅದು ಎಷ್ಟು ದಿನದ್ದು ಎಂದು ಕೇಳಿ. ಒಂದು ವಾರದೊಳಗಿನದ್ದಾದರೆ ಒಳ್ಳೆಯದು. ಅದಕ್ಕಿಂತ ಹಳತಾದಷ್ಟೂ ಮರಿಯಾಗುವ ಆಸೆ ಕಡಿಮೆ. ಗಂಡು ಜೊತೆಗಿಲ್ಲದ ಹಕ್ಕಿಯ ಮೊಟ್ಟೆಯಾದರೆ ಆಸೆಯೇ ಬೇಡ, ಹುರಿದು ತಿನ್ನಿ, ರುಚಿಯಾಗಿಯೇ ಇರುತ್ತದೆ. ಕಾವಿಗೆ ಇಡುವ ಮೊಟ್ಟೆಯನ್ನು ಫ್ರಿಜ್‌ನಲ್ಲಿ ಇಡಬೇಡಿ, ಮನೆಯ ತಂಪು ಮೂಲೆ ಸಾಕು. ಕೊಳೆ ಇದ್ದರೆ ಒಣ ಬಟ್ಟೆಯಲ್ಲಿ ಮೆತ್ತಗೆ ಒರೆಸಿ. ತಣ್ಣೀರಲ್ಲಿ ತೊಳೆದರೆ ಓಡಿನ ಸೂಕ್ಷ್ಮ ರಂಧ್ರಗಳಿಂದ ಕೊಳೆ ಒಳಕ್ಕೇ ಹೋಗುತ್ತದೆ. ಮುಟ್ಟಿದ ಮೇಲೆ ನಿಮ್ಮ ಕೈಯನ್ನು ಮಾತ್ರ ಸಾಬೂನಿನಲ್ಲಿ ತೊಳೆಯಿರಿ.

ಹೇಂಟೆಯ ಕೆಳಗೆ ಇಡುವುದಾದರೆ ನಾಲ್ಕೈದಕ್ಕಿಂತ ಹೆಚ್ಚು ಬೇಡ. ಕಾವಿಗೆ ಹೊಸದಾಗಿ ಬಂದ, ಮೈತುಂಬಿಕೊಂಡ ಹೇಂಟೆಯನ್ನೇ ಆರಿಸಿ. ಆಗಲೇ ಹತ್ತು ದಿನ ಕುಳಿತಿರುವ ಹೇಂಟೆ ಇನ್ನೂ ಒಂದು ತಿಂಗಳು ಕುಳಿತುಕೊಳ್ಳುತ್ತದೆಂದು ನಂಬುವುದು ಹೇಗೆ? ಹೇನು ಇದೆಯೇ ಎಂದು ರೆಕ್ಕೆಯ ಅಡಿ ನೋಡಿ. ಹೇನಿನ ಕಾಟಕ್ಕೆ ಎಷ್ಟೋ ಕೋಳಿಗಳು ಅರ್ಧದಲ್ಲಿ ಎದ್ದು ಹೋಗುತ್ತವೆ. ದಿನಕ್ಕೊಮ್ಮೆ ಅದನ್ನು ಎಬ್ಬಿಸಿ ಕಾಳು, ನೀರು ಕೊಡಬೇಕು.

ಆದರೆ ಕೋಳಿಗೆ ಆಗದ ಕೆಲಸವೊಂದಿದೆ. ತನ್ನ ಮೊಟ್ಟೆಯನ್ನು ಕೊಕ್ಕಿನಿಂದ ಉರುಳಿಸುವ ಹೇಂಟೆಗೆ ಇಷ್ಟು ದೊಡ್ಡ ಮೊಟ್ಟೆಯನ್ನು ಹೊರಳಿಸುವುದು ಕಷ್ಟ. 150 ಗ್ರಾಂ ಎಂದರೆ ನಾಟಿ ಕೋಳಿಯ ಮೂರ್ನಾಲ್ಕು ಮೊಟ್ಟೆಯ ತೂಕ! ಹೊರಳಿಸದೆ ಬಿಟ್ಟರೆ ಬೆಳೆಯುವ ಮರಿ ಒಂದೇ ಕಡೆ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಆದ್ದರಿಂದ ಆ ಕೆಲಸ ನಮ್ಮದು. ಪೆನ್ಸಿಲ್‌ನಿಂದ ಒಂದು ಬದಿಗೆ ಗುಣಿಸು ಚಿಹ್ನೆ, ಇನ್ನೊಂದು ಬದಿಗೆ ಸೊನ್ನೆ ಬರೆಯಿರಿ. ಮೊಟ್ಟೆ ಅಡ್ಡವಾಗಿ ಮಲಗಿರಲಿ. ಎಷ್ಟು ಹೊತ್ತಿಗೊಮ್ಮೆ ತಿರುಗಿಸುವುದು ಎಂದು ನೆನಪಿಡಲು ನಾನು ಕಂಡುಕೊಂಡ ದಾರಿ ಬಹಳ ಸುಲಭ. ಸುಬಹ್, ಝುಹರ್, ಅಸರ್, ಮಗ್ರಿಬ್, ಇಶಾ. ಪ್ರತಿ ನಮಾಝ್ ಮುಗಿದೊಡನೆ ಒಮ್ಮೆ. ದಿನಕ್ಕೆ ಐದು ಬಾರಿ ಎಂದರೆ ಬೆಸ ಸಂಖ್ಯೆ, ಅದರಲ್ಲಿಯೂ ಲಾಭವಿದೆ: ರಾತ್ರಿಯ ದೀರ್ಘ ಹೊತ್ತು ಮೊಟ್ಟೆ ಇವತ್ತು ಒಂದು ಮಗ್ಗುಲು, ನಾಳೆ ಇನ್ನೊಂದು ಮಗ್ಗುಲು ಮಲಗುತ್ತದೆ. ಒಂದೇ ದಿಕ್ಕಿಗೆ ಸುತ್ತಿಸುತ್ತಾ ಹೋಗಬೇಡಿ, ಅತ್ತ ಒಮ್ಮೆ ಇತ್ತ ಒಮ್ಮೆ ಹೊರಳಿಸಿ.

ಈಗ ಅನೇಕ ಮನೆಗಳಲ್ಲಿ ಸಣ್ಣ ಇನ್‌ಕ್ಯುಬೇಟರ್ ಬಂದಿದೆ. ಫ್ಯಾನ್ ಇರುವುದಾದರೆ 37.5 ಡಿಗ್ರಿ ಸೆಲ್ಸಿಯಸ್, ಫ್ಯಾನ್ ಇಲ್ಲದ್ದಾದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ 38ಕ್ಕಿಂತ ತುಸು ಹೆಚ್ಚು. ಪೆಟ್ಟಿಗೆಯ ಮೇಲೆ ತೋರಿಸುವ ಅಂಕಿಯನ್ನೇ ನಂಬದೆ ಬೇರೆ ಥರ್ಮಾಮೀಟರ್ ಒಂದನ್ನು ಒಳಗಿಟ್ಟು ಮೊದಲೇ ಒಂದು ದಿನ ಖಾಲಿ ಓಡಿಸಿ ನೋಡಿ. ಕರೆಂಟ್ ಹೋದರೆ? ಗಾಬರಿ ಬೇಡ. ಪೆಟ್ಟಿಗೆಯನ್ನು ತೆರೆಯಬೇಡಿ, ಮೇಲೆ ಕಂಬಳಿ ಹೊದಿಸಿ. ಕೊನೆಯ ಹತ್ತು ದಿನಗಳಲ್ಲಿ ಮರಿಗಳೇ ಸ್ವಲ್ಪ ಶಾಖ ಹುಟ್ಟಿಸುತ್ತಿರುತ್ತವೆ. ಒಂದೆರಡು ಗಂಟೆಯ ತಂಪಿಗೆ ಮರಿ ಸಾಯುವುದಿಲ್ಲ, ಮೊಟ್ಟೆ ಒಡೆಯುವುದು ತಡವಾದೀತು ಅಷ್ಟೆ. ಸಾಯಿಸುವುದು ಅತಿ ಶಾಖ. ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿಗೆ ಇಟ್ಟು ಮದುವೆಗೆ ಹೋಗಿಬಿಟ್ಟರೆ ಮರಳುವಾಗ ಏನೂ ಉಳಿದಿರುವುದಿಲ್ಲ.

ತಾಯಿ ಹೆಬ್ಬಾತು ದಿನಕ್ಕೊಮ್ಮೆ ಗೂಡು ಬಿಟ್ಟು ಹೋಗಿ ಮೇಯುತ್ತದೆ, ನೀರಿಗಿಳಿದು ಒದ್ದೆ ಮೈಯಲ್ಲೇ ಬಂದು ಕೂರುತ್ತದೆ. ಅದನ್ನು ನಾವು ಅನುಸರಿಸಬೇಕು. ಎಂಟನೆಯ ದಿನದಿಂದ ಇಪ್ಪತ್ತೇಳನೆಯ ದಿನದವರೆಗೆ ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಮುಚ್ಚಳ ತೆಗೆದು ಮೊಟ್ಟೆಗಳನ್ನು ಆರಲು ಬಿಡಿ, ಅನಂತರ ಉಗುರು ಬೆಚ್ಚಗಿನ ನೀರನ್ನು ತೆಳ್ಳಗೆ ಚಿಮುಕಿಸಿ. ಕೋಳಿಯ ಕೆಳಗಿಟ್ಟ ಮೊಟ್ಟೆಗೂ ಅದು ಕಾಳು ತಿನ್ನಲು ಎದ್ದ ಹೊತ್ತಿನಲ್ಲಿ ಇದನ್ನು ಮಾಡಬಹುದು. ಬಿಸಿಮಾಡಿ, ಮತ್ತೆ ಆರಿಸಿ, ನೀರು ಹಾಕುವುದೆಂದರೆ ನಮ್ಮ ಹಿರಿಯರು "ಹುಚ್ಚೇ" ಎನ್ನುತ್ತಾರೆ. ಎನ್ನಲಿ.

ತೇವಾಂಶ 50ರಿಂದ 55 ಶೇಕಡ ಇದ್ದರೆ ಸಾಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಳಗೆ ನೀರು ಇಡದೆಯೇ ಅದಕ್ಕಿಂತ ಹೆಚ್ಚಾಗಬಹುದು. ಸರಿಯಾಗಿದೆಯೇ ಎಂದು ತಿಳಿಯಲು ತಕ್ಕಡಿಯೇ ಉತ್ತಮ. ಒಂದು ಮೊಟ್ಟೆಯನ್ನು ಇಡುವ ಮೊದಲು ತೂಗಿ ಬರೆದಿಡಿ. 150 ಗ್ರಾಂ ಇದ್ದದ್ದು ಒಡೆಯುವ ಹೊತ್ತಿಗೆ ಸುಮಾರು 20 ಗ್ರಾಂ ಇಳಿದಿರಬೇಕು. ಬಹಳ ಕಡಿಮೆ ಇಳಿದಿದ್ದರೆ ತೇವ ಹೆಚ್ಚಾಗಿದೆ, ನೀರು ಕಡಿಮೆ ಮಾಡಿ.

ಹತ್ತನೆಯ ರಾತ್ರಿ ದೀಪ ಆರಿಸಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿಯಿರಿ. ಮಕ್ಕಳನ್ನೂ ಕರೆಯಿರಿ. ಜೇಡರ ಬಲೆಯಂತೆ ಹರಡಿದ ಕೆಂಪು ನರಗಳು, ನಡುವೆ ಅಲುಗುವ ಕಪ್ಪು ಚುಕ್ಕೆ ಕಂಡರೆ ಜೀವವಿದೆ. ಪೂರಾ ತಿಳಿಯಾಗಿದ್ದರೆ ಬೀಜವಿಲ್ಲದ್ದು. ಒಳಗೆ ರಕ್ತದ ಉಂಗುರ ಮಾತ್ರ ಕಂಡರೆ ಆರಂಭದಲ್ಲೇ ಸತ್ತದ್ದು. ಇವೆರಡನ್ನೂ ತೆಗೆದು ಹೂಳಿಬಿಡಿ, ಕೊಳೆತು ಒಡೆದರೆ ಉಳಿದವಕ್ಕೂ ಅಪಾಯ. ಅಂದು ನನ್ನಲ್ಲಿ ಒಂದು ಟಾರ್ಚ್ ಇದ್ದೂ ನಾನು ಹಿತ್ತಿಲಿಗೆ ಹೋದೆ ಎಂಬುದು ಈಗಲೂ ಚುಚ್ಚುತ್ತದೆ.

ಇಪ್ಪತ್ತೇಳು ದಿನ ಕಳೆದ ಮೇಲೆ ತಿರುಗಿಸುವುದನ್ನೂ ಆರಿಸುವುದನ್ನೂ ನಿಲ್ಲಿಸಿ. ತೇವಾಂಶವನ್ನು 70ರಿಂದ 75ಕ್ಕೆ ಏರಿಸಿ. ಒಳಗಿನಿಂದ ಚಿಂವ್ ಚಿಂವ್ ಸದ್ದು ಕೇಳಿಸುತ್ತದೆ, ಓಡಿನ ಮೇಲೆ ನಕ್ಷತ್ರದಂಥ ಬಿರುಕು ಮೂಡುತ್ತದೆ. ಆಮೇಲೆ ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಇಲ್ಲಿಯೇ ನಮ್ಮ ಕೈ ತುರಿಸುವುದು. ಕೋಳಿಮರಿ ಬೇಗ ಬರುತ್ತದೆ, ಹೆಬ್ಬಾತಿನ ಮರಿಗೆ ಮೊದಲ ಬಿರುಕಿನಿಂದ ಹೊರಬರಲು ಒಂದು ದಿನ, ಎರಡು ದಿನ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬೇಕು. ಅದು ಸುಮ್ಮನೆ ಮಲಗಿಲ್ಲ. ಒಳಪೊರೆಯ ನರಗಳಲ್ಲಿದ್ದ ರಕ್ತವನ್ನು ಮೈಗೆಳೆದುಕೊಳ್ಳುತ್ತಿದೆ, ಉಳಿದ ಹಳದಿಯನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತಿದೆ. ಆಗ ನೀವು "ಪಾಪ" ಎಂದು ಓಡು ಸುಲಿದರೆ ರಕ್ತ ಸುರಿಯುತ್ತದೆ. ಮುಚ್ಚಳ ತೆರೆದು ನೋಡುತ್ತಿದ್ದರೆ ಪೊರೆ ಒಣಗಿ ಮರಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ.

ಹೊರಬಂದ ಮರಿ ಒಣಗುವವರೆಗೆ ಅಲ್ಲೇ ಇರಲಿ. ಹಳದಿಯ ಬಲದಲ್ಲಿ ಒಂದು ದಿನ ಅನ್ನನೀರಿಲ್ಲದೆ ಇರಬಲ್ಲದು. ಅನಂತರ ಬಲ್ಬಿನ ಬೆಚ್ಚನೆಯ ಪೆಟ್ಟಿಗೆ. ಕೆಳಗೆ ಪತ್ರಿಕೆಯ ಕಾಗದ ಬೇಡ, ಜಾರಿ ಕಾಲುಗಳು ಅಗಲವಾಗಿ ಸೋತುಹೋಗುತ್ತವೆ, ಗೋಣಿ ಹಾಸಿ. ಮೂಗಿನ ಹೊಳ್ಳೆ ಮುಳುಗುವಷ್ಟು ನೀರು ಬೇಕು, ಆದರೆ ಮರಿಯೇ ಬಿದ್ದು ಮುಳುಗದಂತೆ ತಟ್ಟೆಯಲ್ಲಿ ಕಲ್ಲುಗಳನ್ನು ಇಡಿ. ತಾಯಿಯಿಲ್ಲದ ಮರಿಯನ್ನು ಗರಿ ಬರುವ ಮೊದಲು ಈಜಲು ಬಿಟ್ಟರೆ ತುಪ್ಪಳ ನೆನೆದು ಚಳಿಗೆ ಸಾಯುತ್ತದೆ. ಆಹಾರಕ್ಕೆ ಮರಿಕೋಳಿಯ ಪುಡಿ, ಜೊತೆಗೆ ಸ್ವಲ್ಪ ಅಕ್ಕಿ ತೌಡು, ಸಣ್ಣಗೆ ಹೆಚ್ಚಿದ ಎಳೆ ಹುಲ್ಲು. ತೌಡಿನಲ್ಲಿರುವ ನಯಾಸಿನ್ ಎಂಬ ಜೀವಸತ್ವ ಈ ಮರಿಗಳ ಕಾಲಿಗೆ ಬಹಳ ಬೇಕು, ಕಡಿಮೆಯಾದರೆ ಕಾಲು ಸೊಟ್ಟಗಾಗುತ್ತದೆ.

ಮೊಟ್ಟೆ ಇಡುವ ಮೊದಲೇ ಯೋಚಿಸಬೇಕಾದ ಒಂದು ಮಾತನ್ನು ಕೊನೆಗೆ ಹೇಳುತ್ತಿದ್ದೇನೆ, ಕ್ಷಮಿಸಿ. ಕೊನ್ರಾಡ್ ಲೊರೆನ್ಸ್ ಎಂಬ ಆಸ್ಟ್ರಿಯಾದ ವಿಜ್ಞಾನಿಗೆ 1973ರಲ್ಲಿ ನೊಬೆಲ್ ಬಂದಿತ್ತು. ಇನ್‌ಕ್ಯುಬೇಟರಿನಲ್ಲಿ ಹುಟ್ಟಿದ ಹೆಬ್ಬಾತಿನ ಮರಿಗಳು ಮೊದಲು ಕಂಡವರನ್ನೇ ತಾಯಿಯೆಂದು ಹಿಂಬಾಲಿಸುತ್ತವೆ ಎಂದು ಅವರು ತೋರಿಸಿದ್ದರು. ಪೆಟ್ಟಿಗೆಯಲ್ಲಿ ಮರಿ ಮಾಡಿದರೆ ಆ ತಾಯಿ ನೀವೇ. ಅಡುಗೆಮನೆ, ಬಾವಿಕಟ್ಟೆ, ಎಲ್ಲಿ ಹೋದರೂ ಸಾಲಾಗಿ ಹಿಂದೆ ಬರುತ್ತವೆ. ಹೆಬ್ಬಾತು ಇಪ್ಪತ್ತು ವರ್ಷವೂ ಬದುಕಬಲ್ಲದು, ಅಪರಿಚಿತರನ್ನು ಕಂಡರೆ ಊರೇ ಎದ್ದೇಳುವಂತೆ ಕೂಗುತ್ತದೆ, ಒಂಟಿಯಾಗಿ ಇಟ್ಟರೆ ಸೊರಗುತ್ತದೆ. ಪಕ್ಕದ ಮನೆಯವರ ಗೋಡೆ ನಿಮ್ಮ ಗೋಡೆಗೆ ಅಂಟಿಕೊಂಡಿದ್ದರೆ, ಮೊಟ್ಟೆ ಇಡುವ ಮೊದಲು ಅವರ ಬಾಗಿಲು ತಟ್ಟಿ ಒಂದು ಮಾತು ಕೇಳಿ. ನಮ್ಮ ನೆರೆಯವರು ಒಪ್ಪಿದರು, ಒಂದು ಮರಿಯನ್ನು ತಮಗೂ ಕೊಡಬೇಕೆಂಬ ಷರತ್ತಿನ ಮೇಲೆ. ಒಂಟಿ ಮರಿ ಸೊರಗುತ್ತದೆಂದು ಹೇಳಿ ಎರಡು ಕೊಟ್ಟೆ. ನನಗೆ ಉಳಿದ ಒಂದು ದಿನವಿಡೀ ಅವರ ಅಂಗಳದಲ್ಲೇ ಇರುತ್ತದೆ, ಮಗ್ರಿಬ್ ಹೊತ್ತಿಗೆ ಮಾತ್ರ ನನ್ನನ್ನು ಹುಡುಕಿಕೊಂಡು ಬರುತ್ತದೆ.