ಬಂದೂಕಿಗೆ ಬಹುಮಾನವೋ, ಹಳೇ ಬಾಕಿಯ ತೀರುವಳಿಯೋ?

"ನಿಯತ್ತಾಗಿ ಟ್ಯಾಕ್ಸ್ ಕಟ್ಟೋ ನಾವು ಅಂಗಡಿ ಮುಂದಿನ ಚರಂಡಿ ಮುಚ್ಚಿಸೋಕೆ ಆರು ತಿಂಗಳು ಅಲೀಬೇಕು. ಬಂದೂಕು ಹಿಡಿದು ದೇಶ ಒಡೀತೀನಿ ಅಂದವನಿಗೆ ಮಾತ್ರ ಕರೆದು ಕುರ್ಚಿ ಹಾಕ್ತಾರೆ. ಇದ್ಯಾವ ನ್ಯಾಯ ಸ್ವಾಮಿ?"

ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಮೊನ್ನೆ ನಮ್ಮ ಕಿವಿಗೆ ಬಿದ್ದ ಮಾತಿದು. ಈಶಾನ್ಯ ರಾಜ್ಯಗಳ ಮಾತು ಬಂದಾಗ ಒಬ್ಬ ವ್ಯಾಪಾರಸ್ಥರು ಆಡಿದ್ದು. ಸಿಟ್ಟಿನ ಮಾತೇ ಆದರೂ ತಳ್ಳಿಹಾಕುವಂಥದ್ದಲ್ಲ. ಬೇರೆಯಾಗುತ್ತೇವೆ ಎಂದು ಹೊರಟವರಿಗೆ ಸರ್ಕಾರಗಳು ಸ್ವಾಯತ್ತತೆ ಕೊಡುವುದೇಕೆ? ಹೆದರಿಯೆ? ಉದಾರ ಬುದ್ಧಿಯಿಂದಲೆ? ಬಹುಪಾಲು ಎರಡೂ ಅಲ್ಲ. ಲೆಕ್ಕ ಹಾಕಿ ಕೊಡುತ್ತವೆ. ಆ ಲೆಕ್ಕ ತಿಳಿಯಬೇಕಾದರೆ ಮಿಜೋರಾಂ ಕಥೆ ಕೇಳಬೇಕು.

ಕಥೆ ಶುರುವಾಗೋದು ಬಂದೂಕಿನಿಂದಲ್ಲ, ಇಲಿಯಿಂದ! ಆ ಬೆಟ್ಟಗಳ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಬಿದಿರಕ್ಕಿ ತಿಂದು ಇಲಿಗಳು ಮಿತಿಮೀರಿ ಹೆಚ್ಚುತ್ತವೆ. ಅದು ಮುಗಿದ ಮೇಲೆ ಪೈರಿಗೂ ಕಣಜಕ್ಕೂ ನುಗ್ಗುತ್ತವೆ. ಮಿಜೋ ಬೆಟ್ಟಗಳು ಆಗ ಅಸ್ಸಾಮಿನ ಒಂದು ಜಿಲ್ಲೆ. ಬರ ಬರ್ತಾ ಇದೆ ಎಂದು ಅಲ್ಲಿನ ಜಿಲ್ಲಾ ಪರಿಷತ್ತು 1958ರಲ್ಲೇ ಎಚ್ಚರಿಸಿ, ಪರಿಹಾರ ಕೆಲಸಕ್ಕೆ 15 ಲಕ್ಷ ರೂಪಾಯಿ ಕೇಳಿತು. ಅಸ್ಸಾಂ ಸರ್ಕಾರ ಅದನ್ನು ಗುಡ್ಡಗಾಡಿನವರ ಮೂಢನಂಬಿಕೆ ಎಂದು ಪಕ್ಕಕ್ಕಿಟ್ಟಿತು. 1959ರಲ್ಲಿ ಬರ ಬಂದೇ ಬಂತು. ಹಸಿದವರ ನೆರವಿಗೆ ಹುಟ್ಟಿದ ಸಂಘವೇ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. ಅದರ ನಾಯಕ ಲಾಲ್‌ಡೆಂಗಾ, ನಮ್ಮದೇ ಸೇನೆಯಲ್ಲಿ ಹವಾಲ್ದಾರರಾಗಿದ್ದವರು.

1966ರ ಮಾರ್ಚ್ 1ರಂದು ಫ್ರಂಟ್ ಸ್ವಾತಂತ್ರ್ಯ ಘೋಷಿಸಿತು. ಅದೇ ವಾರ ಐಜ್ವಾಲ್ ಮೇಲೆ ನಮ್ಮ ವಿಮಾನಗಳೇ ದಾಳಿ ಮಾಡಿದವು. ಮರುವರ್ಷದಿಂದ ಹಳ್ಳಿ ಹಳ್ಳಿಗಳನ್ನೇ ಎಬ್ಬಿಸಿ, ಜನರನ್ನು ಸೇನೆಯ ಕಾವಲಿನ ಊರುಗಳಲ್ಲಿ ಕೂಡಿಹಾಕಲಾಯಿತು. 20 ವರ್ಷ ಹೀಗೇ ನಡೆಯಿತು. ಸರ್ಕಾರ ಕಾಡನ್ನು ಹಿಡಿದರೂ ಜನರ ಮನಸ್ಸು ಗೆಲ್ಲಲಾಗಲಿಲ್ಲ. ಇತ್ತ ಫ್ರಂಟಿಗೆ ಪೂರ್ವ ಪಾಕಿಸ್ತಾನದಲ್ಲಿದ್ದ ನೆಲೆಗಳು 1971ರಲ್ಲಿ ಬಾಂಗ್ಲಾದೇಶ ಹುಟ್ಟಿದಾಗ ಕೈತಪ್ಪಿದವು. ಇಬ್ಬರೂ ದಣಿದಿದ್ದರು.

1986ರ ಜೂನ್ 30ರಂದು ರಾಜೀವ್ ಗಾಂಧಿ ಸರ್ಕಾರದ ಕಾಲದಲ್ಲಿ ಒಪ್ಪಂದವಾಯಿತು. ಫ್ರಂಟ್ ಪ್ರತ್ಯೇಕ ದೇಶದ ಬೇಡಿಕೆ ಬಿಟ್ಟು ಶಸ್ತ್ರ ಕೆಳಗಿಟ್ಟಿತು. ಬದಲಿಗೆ 1987ರ ಫೆಬ್ರುವರಿ 20ರಂದು ಮಿಜೋರಾಂ ಪೂರ್ಣ ರಾಜ್ಯವಾಯಿತು. ಸಂವಿಧಾನಕ್ಕೆ 371ಜಿ ವಿಧಿ ಸೇರಿತು. ಮಿಜೋಗಳ ಧಾರ್ಮಿಕ-ಸಾಮಾಜಿಕ ಪದ್ಧತಿ, ಸಂಪ್ರದಾಯದ ಕಾನೂನು, ಭೂಮಿಯ ಒಡೆತನ, ಇವುಗಳ ಬಗ್ಗೆ ಸಂಸತ್ತು ಮಾಡುವ ಕಾಯಿದೆ ಅಲ್ಲಿನ ವಿಧಾನಸಭೆ ಒಪ್ಪದೆ ಅಲ್ಲಿ ನಡೆಯದು.

ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂರು ರೂಪಾಯಿ ಬಾಕಿಗೆ ಕೋರ್ಟಿನಲ್ಲಿ ಸಾವಿರ ಸುರಿಯುವವರುಂಟೆ? ಕೊಟ್ಟಷ್ಟು ತಗೊಂಡು ಖಾತೆ ಮುಗಿಸುತ್ತಾರೆ. ಸರ್ಕಾರವೂ ಅದನ್ನೇ ಮಾಡಿತು. ದೇಶದ ಗಡಿ ಉಳಿಸಿಕೊಂಡಿತು, ಮನೆಯೊಳಗಿನ ಯಜಮಾನಿಕೆ ಬಿಟ್ಟುಕೊಟ್ಟಿತು.

ಖಾತೆ ನಿಜವಾಗಿ ಮುಗಿಯಿತೆ? ಮುಗಿಯಿತು. ಲಾಲ್‌ಡೆಂಗಾಗೆ ಜಾಗ ಬಿಡಲು ಕಾಂಗ್ರೆಸ್ಸಿನ ಮುಖ್ಯಮಂತ್ರಿ ಲಾಲ್ ಥನ್‌ಹಾವ್ಲಾ ಕುರ್ಚಿಯಿಂದಲೇ ಇಳಿದರು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. 1989ರ ಚುನಾವಣೆಯಲ್ಲಿ ಫ್ರಂಟ್ ಸೋತಿತು. ಸೋತವರು ಕಾಡಿಗೆ ಹೋಗಲಿಲ್ಲ, ವಿರೋಧ ಪಕ್ಷದಲ್ಲಿ ಕೂತರು. ಅದೇ ಫ್ರಂಟಿನ ಝೋರಂಥಂಗಾ 1998ರಲ್ಲಿ ಓಟು ಗೆದ್ದು ಮುಖ್ಯಮಂತ್ರಿಯಾದರು.

ಹಾಗಂತ ಸ್ವಾಯತ್ತತೆ ಎಲ್ಲಾ ಕಡೆ ಫಲಿಸುವ ಮದ್ದಲ್ಲ. ನಾಗಾಲ್ಯಾಂಡ್ ನೋಡಿ. 1960ರಲ್ಲಿ ದೆಹಲಿ ಮಂದಗಾಮಿಗಳ ಜೊತೆ ಒಪ್ಪಂದ ಮಾಡಿಕೊಂಡು 1963ರಲ್ಲಿ ರಾಜ್ಯ ಕೊಟ್ಟಿತು. ಬಂದೂಕು ಹಿಡಿದಿದ್ದ ಫಿಜೋ ಬಣ ಮಾತ್ರ ಆ ಒಪ್ಪಂದದ ಹೊರಗೇ ಉಳಿಯಿತು. ಕದನವಿರಾಮ ಬಂತು, ಮುರಿಯಿತು. 1997ರಲ್ಲಿ ಮತ್ತೊಂದು ಬಣದ ಜೊತೆ ಮತ್ತೆ ಕದನವಿರಾಮ ಮಾಡಿಕೊಳ್ಳಬೇಕಾಯಿತು. ಜಗಳ ಒಬ್ಬನ ಹತ್ತಿರ, ರಾಜಿ ಇನ್ನೊಬ್ಬನ ಹತ್ತಿರ ಆದರೆ ಇನ್ನೇನಾದೀತು?

ಈಗ ಹೋಟೆಲಿನ ಪ್ರಶ್ನೆಗೆ ಬರೋಣ. ಬಂದೂಕಿಗೆ ಬಹುಮಾನ ಕೊಟ್ಟಂತಾಗಲಿಲ್ಲವೆ? ಸ್ವಲ್ಪ ಆಯಿತು, ಒಪ್ಪುತ್ತೇವೆ. ಆದರೆ ಬಂದೂಕಿಲ್ಲದೆಯೂ ಇದೇ 371ರ ಸಾಲಿನಲ್ಲಿ ಜಾಗ ಸಿಕ್ಕಿದ್ದುಂಟು. ಬೀದರ್, ಕಲಬುರಗಿ, ರಾಯಚೂರು ಕಡೆಯ ನಮ್ಮವರು ಅರ್ಜಿ, ಧರಣಿ, ಮೆರವಣಿಗೆ ಮಾಡಿಕೊಂಡೇ 2012ರಲ್ಲಿ 371ಜೆ ಪಡೆದರು. ಅದು ಸ್ವಾಯತ್ತತೆಯಲ್ಲ, ಓದು-ಉದ್ಯೋಗದಲ್ಲಿ ಮೀಸಲು ಮತ್ತು ಅಭಿವೃದ್ಧಿಯ ಮಂಡಳಿ ಅಷ್ಟೆ. ಆದರೂ ಒಂದು ಹನಿ ರಕ್ತ ಬೇಕಾಗಲಿಲ್ಲ.

ಆದ್ದರಿಂದ ನಾವು ಹೇಳುವುದಿಷ್ಟು. 1986ರಲ್ಲಿ ಕೊಟ್ಟದ್ದು ತಪ್ಪಲ್ಲ. 1958ರಲ್ಲಿ ಕೇಳದೇ ಹೋದದ್ದು ತಪ್ಪು. ಅಂದು 15 ಲಕ್ಷಕ್ಕೆ ಮುಗಿಯಬಹುದಾಗಿದ್ದ ಬಾಕಿಗೆ 20 ವರ್ಷದ ಸಾವುನೋವಿನ ಬಡ್ಡಿ ಬಿತ್ತು. ಅರ್ಜಿಗೆ ಕಿವಿಗೊಡುವ ಸರ್ಕಾರಕ್ಕೆ ಬಂದೂಕಿನ ಎದುರು ಚೌಕಾಸಿ ಮಾಡುವ ಗತಿ ಬರುವುದಿಲ್ಲ. ನಮ್ಮ ವ್ಯಾಪಾರಸ್ಥರ ಚರಂಡಿ ಅರ್ಜಿ ಹಿಡಿದು ಕೂತಿರುವ ದೊರೆಗಳೂ ಇದನ್ನು ಓದಿದರೆ ಒಳ್ಳೆಯದು.